ಸತ್ತಿಲ್ಲ, ಸುಮ್ಮನಿವೆ ಅಷ್ಟೆ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಶ್ರೀರಂಗಪಟ್ಟಣದ ಮೆಡಿಕಲ್ ಸ್ಟೋರಿನ ಸ್ಟೂಲಿನ ಮೇಲೆ ಬಿ.ಪಿ. ನೋಡಿಸಿಕೊಳ್ಳುತ್ತ ಕೂತಿದ್ದೆ. ತೋಳಿನ ಪಟ್ಟಿಗೆ ಗಾಳಿ ತುಂಬುತ್ತಿರುವಾಗಲೇ ಜೇಬಿನಲ್ಲಿ ಫೋನು ಗುಯ್ ಅಂದಿತು. ಬಿ.ಪಿ. ನೋಡುವಾಗ ಫೋನು ನೋಡಬಾರದು, ಏರುತ್ತದೆ ಎಂದು ಎಲ್ಲೋ ಓದಿದ ನೆನಪು. ನೋಡದಿದ್ದರೆ ಏನು ಸುದ್ದಿಯೋ ಎಂಬ ಯೋಚನೆಗೆ ಇನ್ನೂ ಏರುವುದು ನನ್ನ ಜಾಯಮಾನ. ನೋಡಿದೆ.

'ಅತಿಥಿ ಬಳಗ' ಅಂತ ನಮ್ಮದೊಂದು ವಾಟ್ಸಾಪ್ ಗುಂಪಿದೆ. ಒಂದು ಕಾಲಕ್ಕೆ ಊಟ ಬಿಟ್ಟು ಕೂಗಾಡಿದ ಗುಂಪು. ಆಮೇಲಿನ ಎರಡು ಮೂರು ವರ್ಷ ಅದರಲ್ಲಿ ಸಂಕ್ರಾಂತಿ ಶುಭಾಶಯ ಕೂಡ ಬಂದಿರಲಿಲ್ಲ. ಈಗ ಅದಕ್ಕೆ ಯಾರೋ ಹಾಕಿದ್ದರು: ಮೇಡಂ ಹೋಗಿಬಿಟ್ಟರು, ಮೈಸೂರಿನ ಆಸ್ಪತ್ರೆಯಲ್ಲಿ, ಸಕ್ಕರೆ ಕಾಯಿಲೆ, ಕಾಲಿನ ಗಾಯ. ಗುಂಪಿನವರೆಲ್ಲ ಓದಿರುತ್ತಾರೆ, ಅನುಮಾನವಿಲ್ಲ. ಯಾರೂ ಏನೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಂದು ಕೈ ಮುಗಿದ ಚಿತ್ರ ಬಂತು. ಇನ್ನಷ್ಟು ಹೊತ್ತಿಗೆ ಇನ್ನೊಂದು. ಮೂರನೆಯದು ಬಂದದ್ದೇ ತಡ, ಕಟ್ಟೆ ಒಡೆದ ಹಾಗೆ ಓಂ ಶಾಂತಿ, ಭಾವಪೂರ್ಣ ಶ್ರದ್ಧಾಂಜಲಿ, ಹೂವು, ದೀಪ, ಉರಿಯುವ ದೀಪ, ಅಲ್ಲಾಡುವ ಹೂವು.

ಮೇಡಂ ನೋಡಿದ್ದರೆ ನಕ್ಕಿರೋರು. "ಕೋರಂ ಆಯ್ತು ನೋಡ್ರಿ ಮೇಷ್ಟ್ರೇ" ಅಂದಿರೋರು. ನನಗೆ ಕೋಪ ಬಂದಿರೋದು. ಸತ್ತ ಮೇಲೂ ಬರುತ್ತಿದೆ. ಸತ್ತವರ ಮೇಲೆ ಕೋಪ ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಮತ್ತೆಲ್ಲಿ ಇಟ್ಟುಕೊಳ್ಳಬೇಕು ಅನ್ನುವುದನ್ನು ಯಾರೂ ಹೇಳಿಲ್ಲ.

ಪಾಂಡವಪುರದ ಕಾಲೇಜೊಂದರಲ್ಲಿ ಅವರು ಸೂಕ್ಷ್ಮಜೀವಿಶಾಸ್ತ್ರ, ನಾನು ಕನ್ನಡ. ಇಬ್ಬರೂ ಅತಿಥಿ ಉಪನ್ಯಾಸಕರು. ಬೇರೆ ಕಡೆ ಅತಿಥಿ ಬಂದರೆ ಚಾಪೆ ಹಾಸುತ್ತಾರೆ. ನಮಗೆ ಮುರಿದ ಬೆಂಚು, ಹರಿದ ಭೂಪಟ ಇಡುವ ಸ್ಟೋರ್ ರೂಮು ಕೊಟ್ಟಿದ್ದರು. ವರ್ಷಕ್ಕೊಮ್ಮೆ ಒಂದು ನೇಮಕದ ಆರ್ಡರು ಕೈಗೆ ಬರುತ್ತದೆ. ವರ್ಷ ಮುಗಿದರೆ ನಾವು ಯಾರೋ ಅವರು ಯಾರೋ. ಮತ್ತೆ ಜೂನ್ ಬಂದರೆ ಹೊಸದಾಗಿ ಪರಿಚಯ. ಹೀಗೆ ಅತಿಥಿಗಳಾಗಿಯೇ ತಲೆ ನರೆಸಿಕೊಂಡವರು ನಾವು.

ಅವರ ಹೆಬ್ಬೆರಳಿನ ಉಗುರು ಸದಾ ನೇರಳೆ. ಯಾವುದೋ ಬಣ್ಣದ ದ್ರಾವಣ ಅಂಟಿ ಅಂಟಿ ಹಾಗೆ ಆಗಿತ್ತು. ಹುಡುಗಿಯರು ಹಿಂದಿನಿಂದ 'ನೇರಳೆ ಮಿಸ್ಸು' ಅನ್ನುತ್ತಿದ್ದರು. ಕುಳ್ಳಗೆ ಗಟ್ಟಿಮುಟ್ಟಾದ ಹೆಂಗಸು. ಹೆಗಲಿಗೆ ಎರಡು ಬ್ಯಾಗು: ಒಂದರಲ್ಲಿ ಊಟ, ಇನ್ನೊಂದರಲ್ಲಿ ಬ್ಯಾಕ್ಟೀರಿಯಾ. ಎರಡೂ ಯಾವತ್ತೂ ಅದಲುಬದಲಾಗಿಲ್ಲ ಎಂಬುದು ಅವರ ಹೇಳಿಕೆ. ಅವರು ಕೊಟ್ಟ ಚಟ್ನಿಯನ್ನು ನಾನು ಮೂಸದೆ ಒಮ್ಮೆಯೂ ತಿಂದವನಲ್ಲ.

ಬ್ಯಾಕ್ಟೀರಿಯಾ ಹೊತ್ತು ತಿರುಗಲು ಕಾರಣ ಇತ್ತು. ಅವನ್ನು ಬೆಚ್ಚಗಿಟ್ಟು ಬೆಳೆಸುವ ಪೆಟ್ಟಿಗೆ ಕಾಲೇಜಿನಲ್ಲಿ ಇತ್ತು, ಕೆಟ್ಟಿತ್ತು. ರಿಪೇರಿಗೆ ಬರೆದ ಅರ್ಜಿಗೆ ಉತ್ತರ ಬಂದಿರಲಿಲ್ಲ. ಹೊಸಹೊಳಲಿನ ಪಕ್ಕದ ಹಳ್ಳಿಯಲ್ಲಿ ಅವರ ಮನೆ. ಮಾಕವಳ್ಳಿ ಫ್ಯಾಕ್ಟರಿಗೆ ಕಬ್ಬು ಹೊಡೆಯುವ ಮನೆತನ. ಅಲ್ಲಿ ಅಡುಗೆಮನೆ ಒಲೆಯ ಪಕ್ಕ ಗೋಡೆಯಲ್ಲೊಂದು ಗೂಡು. ಅದರೊಳಗೆ ಟವೆಲು ಸುತ್ತಿ ಗಾಜಿನ ತಟ್ಟೆಗಳನ್ನಿಟ್ಟು ಬೆಳೆಸಿ, ಬೆಳಗ್ಗೆ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತರುತ್ತಿದ್ದರು. ಹೆಂಗಸರಿಗೆ ಬಸ್ಸು ಫ್ರೀ ಆದ ಹೊಸತು. ಒಂದು ದಿನ ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರು ಮೂಗು ಮುಚ್ಚಿಕೊಂಡು ಬಂದ.

"ಏನ್ರಮ್ಮ ಅದು ಬ್ಯಾಗ್ನಾಗೆ? ವಾಸ್ನೆ ಒಡೀತದೆ."

"ಸಾಕಿರೋವು ಕಣಪ್ಪ."

"ಜೀವ ಇರೋವಾ? ಅಂಗಾರೆ ಟಿಕೆಟ್ ಆಯ್ತದೆ. ಎಷ್ಟವೆ?"

"ತಲೆಗೊಂದ್ ಟಿಕೆಟ್ ಅರಿಯೋದಾದ್ರೆ ನಿಮ್ ಡಿಪೋದಾಗೆ ಪೇಪರ್ ಸಾಲಲ್ಲ. ಫ್ರೀ ಕೊಡಕಾಗಲ್ಲ ಅಂತೀಯಾ? ಇವು ಎಣ್ಣೂ ಅಲ್ಲ ಗಂಡೂ ಅಲ್ಲ, ಯಾವ್ ಲೆಕ್ಕುಕ್ಕೆ ಆಕ್ತೀಯೋ ಆಕ್ಕೋ."

ಬಸ್ಸು ಪೂರ್ತಿ ನಕ್ಕಿತು. ನಾನು ಮಾತ್ರ ಆ ತಟ್ಟೆ ಒಡೆದರೆ ನಮ್ಮ ಗತಿ ಏನು ಎಂದು ಮುಂದಿನ ಬಾಗಿಲ ಹತ್ತಿರ ಹೋಗಿ ನಿಂತೆ.

ಆ ಬ್ಯಾಕ್ಟೀರಿಯಾವನ್ನು ಅವರು ನಾಲೆಯ ತೂಬಿನ ಹತ್ತಿರದ ಕೆಸರಿನಿಂದ ಹಿಡಿದದ್ದು, ಉಪ್ಪಿನಕಾಯಿ ಬಾಟಲಿಯಲ್ಲಿ ತುಂಬಿಕೊಂಡು ಬಂದು. ತಟ್ಟೆಯಲ್ಲಿ ಬೆಳೆದಾಗ ಕಡು ನೇರಳೆ. ನೇರಳೆ ಹಣ್ಣು ಹಿಂಡಿದ ಹಾಗೆ. ಆದರೆ ಬಿತ್ತಿದ ಕೂಡಲೇ ಬಣ್ಣ ಇರುವುದಿಲ್ಲ. ಒಂದು ಮಧ್ಯಾಹ್ನ ಸ್ಟೋರ್ ರೂಮಿನಲ್ಲಿ ಊಟ ಮಾಡುವಾಗ, ಬಣ್ಣ ಯಾಕೆ ತಡವಾಗಿ ಬರುತ್ತದೆ ಎಂದು ಕೇಳಿದೆ. ಕೇಳಬಾರದಿತ್ತು, ಅನ್ನ ಆರಿಹೋಯಿತು.

"ಬೀಗರೂಟುಕ್ಕೋಗಿದ್ದೀರಲ್ಲ ಮೇಷ್ಟ್ರೇ? ಅಲ್ಲಿ ಇಟ್ಟು ಯಾವಾಗ ತೊಳಸ್ತಾರೆ?"

"ಜನ ಬಂದ ಮೇಲೆ. ಮೊದಲೇ ಮುದ್ದೆ ಕಟ್ಟಿಟ್ಟರೆ ಆರಿಹೋಗುತ್ತಲ್ಲ."

"ಸರಿ. ಜನ ಬಂದವ್ರೆ ಅಂತ ಅಡ್ಗೆಯೋನ್ಗೆ ಎಂಗ್ ಗೊತ್ತಾಯ್ತದೆ? ಅವ್ನು ಇತ್ಲಾಗೆ ವಲೆ ಮುಂದೆ ಬೇಯ್ತಾ ಇರ್ತಾನೆ. ಚಪ್ರುಕ್ಕೆ ಬಂದು ತಲೆ ಎಣಿಸ್ತಾನಾ?"

ಯೋಚಿಸಿದೆ. "ಗದ್ದಲ ಕೇಳುತ್ತೆ."

"ಆಂ... ಗದ್ಲ! ಇವುಕ್ಕೆ ಬಾಯಿಲ್ಲ, ವಾಸ್ನೆ ಅಂದ್ಕಳಿ. ಒಂದೊಂದೂ ಚೂರ್ ಚೂರು ರಾಸಾಯನಿಕ ಒರಗಡೀಕೆ ಬುಡ್ತಾ ಇರ್ತದೆ. ನಾಕೇ ನಾಕಿದ್ರೆ ಆ ವಾಸ್ನೆ ನೀರ್ನಾಗೆ ಕೊಚ್ಕೊಂಡೋಯ್ತದೆ. ಕೋಟಿ ಇದ್ರೆ ದಟ್ವಾಯ್ತದೆ. ದಟ್ವಾದ್ರೆ ವಾಪಸ್ ಅವುಗ್ಳ ಒಳಿಕ್ಕೇ ಓಯ್ತದೆ. ಒಳಿಕ್ಕೋಗಿ ಮಲಗಿರೋ ಜೀನ್‌ನ ಎಬ್ಬಿಸ್ತದೆ. ಬಣ್ಣ ಮಾಡೋ ಜೀನು ಮೊದ್ಲಿಂದ್ಲೂ ಅಲ್ಲೇ ಇತ್ತು ಕಣ್ರೀ. ವಲೆ ಅಚ್ಚಿರ್ನಿಲ್ಲ ಅಷ್ಟೆ."

ಪಂಚಾಯ್ತಿ ಸಭೆಗೆ ಇಷ್ಟು ಸದಸ್ಯರು ಬಂದರೆ ಮಾತ್ರ ನಿರ್ಣಯ, ಇಲ್ಲದಿದ್ದರೆ ಮುಂದಕ್ಕೆ ಎಂಬ ನಿಯಮವಿದೆಯಲ್ಲ, ಕೋರಂ ಅಂತ. ಬ್ಯಾಕ್ಟೀರಿಯಾದ ಈ ವ್ಯವಹಾರಕ್ಕೂ ವಿಜ್ಞಾನಿಗಳು ಆ ಹೆಸರನ್ನೇ ಇಟ್ಟಿದ್ದಾರೆ ಎಂದು ಅವರು ಹೇಳಿದರು. ಒಂಟಿ ಇರುವಾಗ ಯಾವ ಕೆಲಸ ಮಾಡಿದರೆ ದಂಡವೋ ಅದನ್ನು ಅವು ಒಂಟಿಯಾಗಿ ಮಾಡುವುದಿಲ್ಲ. ಸಾಕಷ್ಟು ಜನ ಇದ್ದೇವೆ ಎಂದು ತಿಳಿದ ಗಳಿಗೆ ಎಲ್ಲವೂ ಒಟ್ಟಿಗೆ ಶುರುಮಾಡುತ್ತವೆ. ನಾನು ಮೆಚ್ಚಿದೆ. ನಮ್ಮ ಸಿಬ್ಬಂದಿ ಸಭೆಗಳಿಗಿಂತ ವಾಸಿ ಅಂದೆ.

ಇನ್ನೊಂದು ದಿನ ಒಂದು ತಟ್ಟೆ ಮುಂದೆ ಹಿಡಿದರು. ಎಲ್ಲ ಕಡೆ ನೇರಳೆ. ನಡುವೆ ಬೆಳ್ಳುಳ್ಳಿ ರಸದಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆ. ಅದರ ಸುತ್ತ ಬೋಳು ಬಿಳಿ ವೃತ್ತ.

"ಸತ್ತೋದವಾ ಮೇಡಂ?"

"ಎಲ್ರೂ ಅಂಗೇ ಅನ್ನದು. ಸತ್ತಿದ್ರೆ ಅಲ್ಲಿ ತಳ ಕಾಣ್ಬೇಕಿತ್ತು. ಬೆಳಕಿಗೆ ಇಡ್ದು ನೋಡ್ರಿ, ಮಂಜ್ ಮಂಜಾಗಿ ಬೆಳ್ದವೆ. ಸತ್ತಿಲ್ಲ, ಸುಮ್ಮನಿವೆ ಅಷ್ಟೆ. ಬೆಳ್ಳುಳ್ಳಿ ಅವುನ್ನ ಸಾಯಿಸ್ನಿಲ್ಲ. ಒಂದ್ರ ಮಾತು ಇನ್ನೊಂದ್ಕೆ ಮುಟ್ದಂಗ್ ಮಾಡ್ತು."

ಕೊಲ್ಲುವುದು ಎಷ್ಟು ಖರ್ಚಿನ ಕೆಲಸ, ಇದು ಎಷ್ಟು ಸಲೀಸು ಎಂದುಕೊಂಡೆ. ಆಮೇಲೆ ಎಂದಿನಂತೆ, ದಿನಾ ಬೆಳ್ಳುಳ್ಳಿ ತಿನ್ನುವ ನನ್ನ ಹೊಟ್ಟೆಯೊಳಗೆ ಏನು ನಡೆದಿದೆಯೋ ಎಂದು ಯೋಚನೆ ಹತ್ತಿಕೊಂಡಿತು.

ಇನ್ನೊಂದು ತಟ್ಟೆಯೂ ಇತ್ತು. ಅದರಲ್ಲಿ ಬೆಳ್ಳುಳ್ಳಿ ಇಲ್ಲ, ಆದರೂ ನೇರಳೆಯ ನಡುನಡುವೆ ಅಲ್ಲಲ್ಲಿ ಬಿಳಿ ಚುಕ್ಕಿ. ಅವನ್ನು ಅವರು ಹಾಲಿನ ಸಾರದಲ್ಲಿ ಬೆಳೆಸಿ ತೆಗೆದಿದ್ದರು. ಹಾಲಿನ ಸಾರ ಅವಕ್ಕೆ ನೇರವಾಗಿ ದಕ್ಕುವುದಿಲ್ಲ. ಕೋರಂ ಆದ ಮೇಲೆ ಎಲ್ಲ ಸೇರಿ ಒಂದು ಜೀರ್ಣರಸ ಹೊರಕ್ಕೆ ಬಿಟ್ಟು, ಅದನ್ನು ಒಡೆದು, ಹಂಚಿಕೊಂಡು ತಿನ್ನಬೇಕು.

"ಈ ಬಿಳೇವು ಕಿವುಡು. ಉಟ್ಟಿನಲ್ಲೇ ಜೀನು ಕೆಟ್ಟಿರ್ತದೆ, ವಾಸ್ನೆ ತಿಳಿಯಲ್ಲ. ಸಭೆ ಸೇರೈತೆ ಅಂತ್ಲೇ ಗೊತ್ತಾಗಲ್ಲ, ಅದ್ಕೇ ಬಣ್ಣಾನೂ ಇಲ್ಲ, ರಸಾನೂ ಬುಡಲ್ಲ. ಪಕ್ಕದೋವು ಬೇಯಿಸಿದ್ದ ಉಣ್ತಾ ಇರ್ತವೆ. ದುಡಿಯೋ ಖರ್ಚಿಲ್ವಲ್ಲ, ಅದ್ಕೇ ಚೆನ್ನಾಗ್ ಬೆಳೀತವೆ. ಜಾಸ್ತಿ ಆದ್ರೆ ಬೇಯ್ಸೋವೇ ಇರಲ್ಲ. ಎಲ್ಲಾ ಒಟ್ಗೆ ಉಪಾಸ."

"ಹಾಗಾದರೆ ಬೆಳ್ಳುಳ್ಳಿಗೆ ಸುಮ್ಮನಾದದ್ದೂ ಬಿಳಿ, ಕಿವುಡೂ ಬಿಳಿ. ಯಾವುದು ಯಾವುದು ಅಂತ ಹೇಗೆ ಹೇಳ್ತೀರಿ?"

ಅವರಿಗೆ ಖುಷಿಯಾಯಿತು. ಕನ್ನಡ ಮೇಷ್ಟ್ರಿಂದ ಇಂಥ ಪ್ರಶ್ನೆ ನಿರೀಕ್ಷಿಸಿರಲಿಲ್ಲ. "ನೋಡಿ ಏಳಕಾಗಲ್ಲ. ಬ್ಯಾರೆ ತಟ್ಟೆಗೆ ಆಕ್ಬೇಕು. ಬೆಳ್ಳುಳ್ಳಿಗೆ ಸುಮ್ನಾಗಿದ್ರೆ ಅಲ್ಲಿ ಬಣ್ಣ ಬತ್ತದೆ. ಕಿವುಡಾಗಿದ್ರೆ ಎಲ್ಲಿ ಆಕಿದ್ರೂ ಬಿಳೀನೇ."

ಅವರು ಒಳ್ಳೆಯವರಲ್ಲ ಎಂದು ಹೇಳಿಬಿಟ್ಟರೆ ನನ್ನ ಕೆಲಸ ಸುಲಭ. ಆದರೆ ಒಮ್ಮೆ ತರಗತಿಯಲ್ಲಿ ನನಗೆ ಎದೆ ಹಿಡಿದುಕೊಂಡಾಗ ತಮ್ಮ ಪಾಠ ಬಿಟ್ಟು ಆಟೋ ಹತ್ತಿಸಿದವರು ಅವರೇ. ದಾರಿಯುದ್ದಕ್ಕೂ ನಾನು ನನ್ನ ಕೊನೆಯ ಮಾತುಗಳನ್ನು ಹೇಳುತ್ತಿದ್ದೆ. ಮಗಳ ಮದುವೆ, ಗ್ಯಾಸ್ ಸಿಲಿಂಡರು, ಹೀಗೆ. ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಡಾಕ್ಟರು ಗ್ಯಾಸ್ಟ್ರಿಕ್ ಅಂದರು. ಹೊರಗೆ ಬಂದು ಸೋಡಾ ಕುಡಿಸಿ, "ಇಷ್ಟ್ ಚೆಂದ ಮಾತಾಡಿ ಬದುಕ್ಬುಟ್ರಲ್ಲ ಮೇಷ್ಟ್ರೇ, ಎಲ್ಲಾ ದಂಡ" ಅಂದರು. ಮನೆಯವರಿಗೆ ಹೇಳಬೇಡಿ ಎಂದೆ. ಕೊನೆಯವರೆಗೂ ಹೇಳಲಿಲ್ಲ.

ಆ ವರ್ಷ ಬೇಸಿಗೆ ರಜೆಗೆ ಮುಂಚೆ ಕಾಲೇಜಿನಿಂದ ಸುದ್ದಿ ಹೊರಟಿತು. ಮುಂದಿನ ವರ್ಷಕ್ಕೆ ನಮ್ಮಲ್ಲಿ ಅರ್ಧ ಜನ ಸಾಕಂತೆ. ಯಾರು ಇರುವವರು, ಯಾರು ಹೋಗುವವರು ಎಂಬುದನ್ನು ಹೇಳಲಿಲ್ಲ. ಹೇಳದೆ ಇದ್ದದ್ದೇ ಅವರ ಬೆಳ್ಳುಳ್ಳಿ. ಒಂದೇ ವಾರದಲ್ಲಿ ಸ್ಟೋರ್ ರೂಮಿನ ಮಾತು ನಿಂತಿತು. ಯಾರಾದರೂ ಎದ್ದು ಹೋದರೆ ಪ್ರಿನ್ಸಿಪಾಲರ ಕೋಣೆಗೇ ಹೋದರೇನೋ ಎಂದು ಉಳಿದವರು ಕತ್ತು ಉದ್ದ ಮಾಡುತ್ತಿದ್ದೆವು. ಮೂತ್ರಕ್ಕೆ ಹೋಗುವುದಕ್ಕೂ ನಾನು ಹೇಳಿ ಹೋಗುತ್ತಿದ್ದೆ.

ಆ ಮೌನ ಒಡೆದವರು ಮೇಡಂ. ಬಾಗಿಲು ಮುಂದಕ್ಕೆ ಮಾಡಿ, ಭೂಪಟಗಳ ಕಟ್ಟಿನ ಮೇಲೆ ಕೂತು ಶುರುಮಾಡಿದರು.

"ಒಬ್ಬೊಬ್ರೇ ಓಗಿ ಕೈ ಮುಗುದ್ರೆ ಒಬ್ಬೊಬ್ರಿಗೂ ನೋಡೋಣ ಅಂತಾರೆ. ಎಲ್ಲಾ ಒಟ್ಗೆ ಓಗಣ. ಇರೋ ಪಾಠ ನಾವೇ ಅಂಚ್ಕೋತೀವಿ, ಕೊಡೋದಾದ್ರೆ ಎಲ್ರಿಗೂ ಆರ್ಡರ್ ಕೊಡಿ, ಇಲ್ದಿದ್ರೆ ಒಬ್ರೂ ಈಸ್ಕಳಲ್ಲ ಅನ್ನಣ. ನಾವ್ ಯಾರೂ ಇಲ್ದಿದ್ರೆ ಜೂನ್ ತಿಂಗ್ಳಲ್ಲಿ ಪಾಠ ಮಾಡೋರ್ಯಾರು? ಅವರಪ್ಪನ್ನ ಕರಸ್ತಾರಾ?"

ಅರ್ಥಶಾಸ್ತ್ರದವನೊಬ್ಬನಿದ್ದ, ನನ್ನ ಗೆಳೆಯ, ನನ್ನನ್ನು ಏಕವಚನದಲ್ಲಿ ಬೈಯುವ ಹಕ್ಕು ಪಡೆದವನು. ಅವನು ಕೇಳಿದ: "ಒಬ್ರು ಕೈ ಕೊಟ್ರೆ ಮೇಡಂ?"

"ಒಬ್ರು ಕೈ ಕೊಟ್ರೆ ಎಲ್ರೂ ಉಪಾಸ. ಅದ್ಕೇ ಏಳ್ತಾ ಇರದು."

ಒಪ್ಪಿದೆವು. ಆ ದಿನಗಳಲ್ಲಿ ಆ ಕೋಣೆಯಲ್ಲಿ ನಡೆದ ಗದ್ದಲ! ವಾಟ್ಸಾಪ್ ಗುಂಪು ಹುಟ್ಟಿದ್ದು ಆಗಲೇ. ಮನವಿಯನ್ನು ನಾನು ಬರೆದೆ, 'ಸಹೃದಯತೆ' ಎಂಬ ಪದ ಬಂದಾಗಲೆಲ್ಲ ಮೇಡಂ "ಇದ್ಯಾವ್ ಕಾಯಿಲೆ ಮೇಷ್ಟ್ರೇ?" ಅನ್ನುತ್ತಿದ್ದರು. ಜೀವನದಲ್ಲಿ ಮೊದಲ ಸಲ ನನಗೆ ರಾತ್ರಿ ನಿದ್ದೆ ಬಂತು. ಬೆಳಗ್ಗೆ ಎದ್ದು, ಯಾಕೆ ನಿದ್ದೆ ಬಂತು, ಇದು ಯಾವುದಾದರೂ ರೋಗದ ಲಕ್ಷಣವೇ ಎಂದು ಯೋಚಿಸಿದೆ.

ಸೋಮವಾರ ಬೆಳಗ್ಗೆ ಹತ್ತಕ್ಕೆ ಎಲ್ಲರೂ ಕಾಲೇಜಿನ ಹೊಂಗೆ ಮರದ ಕೆಳಗೆ ಸೇರುವುದು, ಒಟ್ಟಿಗೆ ಒಳಗೆ ಹೋಗುವುದು. ನಾನು ಮೊದಲೇ ಹೋಗಿ ನಿಂತೆ. ಒಬ್ಬೊಬ್ಬರಾಗಿ ಬಂದರು. ಮೇಡಂ ಬರಲಿಲ್ಲ. ಫೋನು ಸ್ವಿಚ್ ಆಫ್. ಕೆ.ಆರ್.ಪೇಟೆ ಬಸ್ಸು ಬಂದು ಹೋಯಿತು, ಇಳಿಯಲಿಲ್ಲ. ಇನ್ನೊಂದು ಬಂತು. ಬಸ್ಸು ಕೆಟ್ಟಿತೋ, ಮನೆಯಲ್ಲಿ ಅವರ ತಾಯಿಗೆ ಏನಾದರೂ ಆಯಿತೋ, ಸಕ್ಕರೆ ಇಳಿದು ಎಲ್ಲಾದರೂ ತಲೆಸುತ್ತಿ ಬಿದ್ದರೋ ಎಂದು ನಾನು ಒಂದೊಂದೇ ಅನಾಹುತ ಮುಗಿಸುತ್ತಿದ್ದೆ. ಅಷ್ಟರಲ್ಲಿ ಕಾಲೇಜಿನ ಜವಾನ ನೀರಿನ ಕ್ಯಾನು ಹೊತ್ತು ಹೋಗುತ್ತಿದ್ದವನು ನಿಂತು ಕೇಳಿದ:

"ಯಾರ್ನ ಕಾಯ್ತಾ ಇದ್ದೀರಿ? ನೇರಳೆ ಮೇಡಮ್ಮುನ್ನಾ? ಅವ್ರು ಶನಿವಾರವೇ ನಾಗಮಂಗಲುದ್ ಕಾಲೇಜ್ಗೆ ಸೇರ್ಕಂಡ್ರಂತಲ್ಲ. ಪೂರ್ತಿ ಪಾಠ ಕೊಟ್ಟವ್ರಂತೆ."

ನಾನು ಯೋಚಿಸಿಟ್ಟ ಅನಾಹುತಗಳಲ್ಲಿ ಇದು ಇರಲಿಲ್ಲ.

ಅರ್ಥಶಾಸ್ತ್ರದವನು ಪ್ಯಾಂಟಿನ ಧೂಳು ಕೊಡವಿ ಎದ್ದ. "ಎಲ್ಲಿಗೋ?" ಅಂದೆ. "ಲೇ, ದುಡೀ ಅಂದೋಳೇ ಉಣ್ಣಕ್ಕೋದ್ಲು ಕಣ್ಲಾ. ನಾವ್ಯಾಕ್ಲಾ ಸಾಯದು ಇಲ್ಲಿ?" ಎಂದು ಒಬ್ಬನೇ ಒಳಗೆ ಹೋದ. ಅವನ ಹಿಂದೆ ಇನ್ನೊಬ್ಬರು. ಆಮೇಲೆ ಯಾರೂ ಒಬ್ಬರನ್ನೊಬ್ಬರು ನೋಡದೆ, ದೇವಸ್ಥಾನದಲ್ಲಿ ಚಪ್ಪಲಿ ಹುಡುಕುವವರ ಹಾಗೆ ನೆಲ ನೋಡುತ್ತ.

ನಾನು ಮರದ ಕೆಳಗೆ ಉಳಿದೆ. ಇದನ್ನೇ ಈಗ ಕೆಲವರು ನನ್ನ ಸಿದ್ಧಾಂತ ಅನ್ನುತ್ತಾರೆ. ಎಂಥ ಸಿದ್ಧಾಂತ! ಹೋದರೆ ಏನಾಗುತ್ತದೆ, ಹೋಗದಿದ್ದರೆ ಏನಾಗುತ್ತದೆ ಎಂದು ಎರಡೂ ಕಡೆ ಯೋಚಿಸಿ ಮುಗಿಸುವಷ್ಟರಲ್ಲಿ ಒಳಗೆ ಕನ್ನಡದ ಪಾಠ ಬೇರೆಯವರ ಪಾಲಾಗಿ ಖಾಲಿಯಾಗಿತ್ತು, ಅಷ್ಟೆ.

ಆಮೇಲಿನಿಂದ ನಾನು ನಿರೂಪಕ. ಮದುವೆ, ಗೃಹಪ್ರವೇಶ, ಬೇರೆಯವರ ನಿವೃತ್ತಿ ಸಮಾರಂಭ. ನಿವೃತ್ತರನ್ನು ಹೊಗಳುವಾಗ ನನ್ನ ಗಂಟಲು ತುಂಬುತ್ತದೆ. ಜನ ಅದನ್ನು ಕಲೆ ಅಂದುಕೊಂಡಿದ್ದಾರೆ. ಹೀಗೆ ಒಮ್ಮೆ ನಾಗಮಂಗಲದ ಛತ್ರವೊಂದರಲ್ಲಿ ಮೈಕು ಕೆಳಗಿಟ್ಟು ಊಟದ ಪಂಕ್ತಿಯಲ್ಲಿ ಕೂತಿದ್ದೆ. ಪಕ್ಕದ ಕುರ್ಚಿ ಎಳೆದುಕೊಂಡು ಕೂತವರು ಮೇಡಂ. ಬಲಗಾಲಿಗೆ ಬ್ಯಾಂಡೇಜು, ಆ ಕಾಲಿಗೆ ಮಾತ್ರ ಹವಾಯಿ ಚಪ್ಪಲಿ.

"ಮೈಕು ಚೆನ್ನಾಗ್ ಇಡ್ಕತೀರಿ ಮೇಷ್ಟ್ರೇ."

"ಬೇರೆ ಏನು ಹಿಡ್ಕೊಳ್ಳೋಕೆ ಬಿಟ್ರಿ?"

ನನ್ನ ಬಾಯಿಂದ ಇಂಥದ್ದು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಅವರು ಕೋಸಂಬರಿ ಬದಿಗೆ ಸರಿಸಿದರು. ಉಗುರು ಬೆಳ್ಳಗಿತ್ತು. ಆ ಕಾಲೇಜಿನಲ್ಲಿ ಲ್ಯಾಬು ಇರಲಿಲ್ಲ.

"ಅವತ್ತು ಯಾಕೆ ಬರಲಿಲ್ಲ, ಅಷ್ಟು ಹೇಳಿ ಸಾಕು" ಅಂದೆ.

"ನಾವ್ ಅಷ್ಟ್ ಜನ ಇರ್ನಿಲ್ಲ ಮೇಷ್ಟ್ರೇ."

"ಇದ್ವಲ್ಲ! ಎಲ್ಲರೂ ಒಪ್ಪಿದ್ದರು."

"ಆ ಸ್ಟೋರ್ ರೂಮ್ನಾಗೆ ಒಪ್ಪಿದ್ರು. ಒಂದೇ ಒಂದು ಬ್ಯಾಕ್ಟೀರಿಯಾನ ಇಷ್ಟೇ ಇಷ್ಟು ಗೂಡ್ನಾಗೆ ಕೂಡಾಕ್ರಿ. ಅದ್ರ ವಾಸ್ನೆ ಓಗಕ್ಕೆ ಜಾಗ ಇಲ್ಲ, ಅದುಕ್ಕೇ ವಾಪಸ್ ಒಡೀತದೆ. ಓಹೋ, ಜನ ಸೇರವ್ರೆ ಅಂದ್ಕತದೆ. ನಾವೂ ಅಂಗೇ. ನಮ್ ಗದ್ಲ ನಮ್ಗೇ ಕೇಳುಸ್ತು. ಆ ಹೊತ್ಗಾಗ್ಲೇ ಇಬ್ರು ಒಳಿಕ್ಕೋಗಿ ಕೈ ಮುಗ್ದು ಬಂದಿದ್ರು. ನಂಗೊತ್ತಿತ್ತು."

"ಗೊತ್ತಿದ್ದರೆ ನಮಗೆ ಹೇಳಬಹುದಿತ್ತಲ್ಲ?"

"ಏಳಿದ್ರೆ ನಂಗಿಂತ ಮುಂಚೆ ನೀವೆಲ್ಲಾ ಒಂದೊಂದ್ ಬಸ್ ಅತ್ತಿರೋರಿ."

ಬಡಿಸುವವನು ಬಂದು ನಮ್ಮಿಬ್ಬರ ನಡುವೆ ಸಾರಿನ ಬಕೆಟ್ಟು ಹಿಡಿದು ನಿಂತ. ಅವನು ಹೋದ ಮೇಲೆ, ಆ ಮಾತು ಕೇಳದಿದ್ದರೆ ನನಗೆ ಇನ್ನು ನಿದ್ದೆ ಬರುವುದಿಲ್ಲ ಎನಿಸಿ ಕೇಳಿಯೇಬಿಟ್ಟೆ.

"ನೀವು ಯಾವ ಬಿಳಿ ಮೇಡಂ? ಬೆಳ್ಳುಳ್ಳಿಯದೋ, ಕಿವುಡೋ?"

ಹೊಡೆಯುತ್ತಾರೆ ಅಂದುಕೊಂಡೆ. ನಕ್ಕರು. ಆ ನಗುವಿನಲ್ಲಿ ಹಳೆಯ ಸ್ಟೋರ್ ರೂಮು ಒಂದು ಕ್ಷಣ ಬಂದು ಹೋಯಿತು. "ಮರ್ತಿಲ್ವಲ್ಲ ಪಾಠವ! ನನ್ನ್ ಬ್ಯಾರೆ ತಟ್ಟೆಗೆ ಆಕವ್ರೆ ಈಗ. ನೋಡ್ತಾ ಇರಿ" ಅಂದರು. ಎದ್ದು, ಕಾಲು ಎಳೆಯುತ್ತ ಕೈ ತೊಳೆಯಲು ಹೋದರು. ಅದೇ ಕೊನೆ. ಆ ಗಾಯದಲ್ಲಿ ಏನು ಸೇರುತ್ತಿದೆ, ಸಾಕಷ್ಟು ಸೇರಿದ ಮೇಲೆ ಏನು ಮಾಡುತ್ತವೆ ಎಂಬುದು ಅವರಿಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿದ್ದಿರಬೇಕು. ಗೊತ್ತಿದ್ದೂ ಸುಮ್ಮನಿರುವುದು ಅವರಿಗೆ ಹೊಸದಲ್ಲ.

ಹೋದ ವಾರ ಕೆ.ಆರ್.ಪೇಟೆಯ ಸಮುದಾಯ ಭವನದಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ. ನಾಗಮಂಗಲದ ಕಾಲೇಜಿನ ಅವರ ಸಹೋದ್ಯೋಗಿ, ಇನ್ನೂ ಚಿಕ್ಕ ವಯಸ್ಸಿನ ಅತಿಥಿ ಉಪನ್ಯಾಸಕ, ಫೋನು ಮಾಡಿ ನಿರೂಪಣೆಗೆ ಕರೆದ. ಇಲ್ಲ ಅನ್ನಬೇಕೆಂದಿದ್ದೆ, ಇಲ್ಲ ಅಂದರೆ ಏನಂದುಕೊಳ್ಳುತ್ತಾರೋ ಎಂದು ಹೂಂ ಅಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಎರಡು ಭಾಷಣ ತಯಾರು ಮಾಡಿದೆ: ಒಂದರಲ್ಲಿ ಅವರು ಮಹಾ ತಾಯಿ, ಇನ್ನೊಂದರಲ್ಲಿ ಸತ್ಯ.

ಸಭೆಗೆ ಮುಂಚೆ ಆ ಹುಡುಗನನ್ನು ಬದಿಗೆ ಕರೆದು ಕೇಳಿದೆ. "ನಿಮ್ಮಲ್ಲಿ ಆರ್ಡರಿನ ಗಲಾಟೆ ಏನಾದರೂ ಆಯಿತೇನಪ್ಪ?"

"ಆಯ್ತು ಸಾರ್, ಓದ್ವರ್ಸ. ಅರ್ಧ ಜನುನ್ನ ತೆಗೀತೀವಿ ಅಂದ್ರು. ಎಲ್ಲಾ ಒಟ್ಗೆ ಒಳಿಕ್ಕೋದೋ."

"ಮೇಡಂ?"

"ಬರ್ನಿಲ್ಲ ಸಾರ್."

ಹಾಗಾದರೆ ಕಿವುಡು. ಇಷ್ಟು ವರ್ಷ ಈ ಉತ್ತರಕ್ಕೆ ಕಾದಿದ್ದೆ. ಬಾಯಲ್ಲಿ ಹಾಕಿಕೊಂಡರೆ ಸಪ್ಪೆ. ಹುಡುಗ ಮಾತು ಮುಗಿಸಿರಲಿಲ್ಲ.

"ಆದ್ರೆ ಬರಲ್ಲ ಅಂತ ಮೊದ್ಲೇ ಏಳ್ಬುಟ್ಟಿದ್ರು ಸಾರ್. ನಾವ್ ಕೇಳಕ್ ಮುಂಚೇನೇ. ನನ್ನ ಎಣಿಸ್ಕಬ್ಯಾಡ್ರಪ್ಪ, ನಾನ್ ಅಂತೋಳಲ್ಲ, ಪಾಂಡವಪುರದಾಗೆ ನನ್ನ ಎಣಿಸ್ಕಂಡೇ ಅವ್ರು ಕೆಟ್ರು ಅಂತ. ಬಾಗ್ಲು ತೆಗ್ದು ಮಾತಾಡ್ರಿ, ಒಳ್ಗೆ ಕೂತ್ಕಂಡ್ ಮಾತಾಡ್ಬ್ಯಾಡಿ ಅಂದ್ರು. ನಾವು ಅವ್ರುನ್ ಬುಟ್ಟು ಎಣಿಸ್ಕಂಡೋ. ಇದ್ದಿದ್ ಸ್ವಲ್ಪ ಜನವೇ, ಆದ್ರೆ ಇದ್ದೋರು ಇದ್ರು."

"ಏನಾಯಿತು?"

"ಎಲ್ರುಗೂ ಆರ್ಡರ್ ಕೊಟ್ರು ಸಾರ್. ಈ ವರ್ಸುಕ್ಕೆ."

"ಮೇಡಂಗೂ?"

"ಅವ್ರುಗೂ."

ನಗು ಬಂತು. ಅಲ್ಲೂ ಪಕ್ಕದವರು ಬೇಯಿಸಿದ್ದನ್ನೇ ಉಂಡಿದ್ದರು. ಆದರೆ ಅಲ್ಲಿನವರಿಗೆ ಹೇಳಿ ಉಂಡಿದ್ದರು. ಆ ಎರಡು ಮಾತು ನಮಗೆ ಸಿಗಲಿಲ್ಲ. ನಮ್ಮನ್ನು ಕೆಡಿಸಿ ಕಲಿತದ್ದನ್ನು ಅವರಿಗೆ ಹಂಚಿದರು; ಎಷ್ಟಾದರೂ ಮೇಡಂ ಒಳ್ಳೆಯ ಶಿಕ್ಷಕಿ.

ಭವನ ತುಂಬಿತ್ತು. ಹಳೆಯ ಸ್ಟೋರ್ ರೂಮಿನವರು ಒಬ್ಬರೂ ತಪ್ಪಿಸಿರಲಿಲ್ಲ. ಅರ್ಥಶಾಸ್ತ್ರದವನು ಮುಂದಿನ ಸಾಲಿನಲ್ಲೇ ಕೂತಿದ್ದ, ಹೊಟ್ಟೆ ಬಂದಿತ್ತು. ಒಬ್ಬರಾದ ಮೇಲೊಬ್ಬರು ಬಂದು ಮೇಡಂ ಎಂಥ ಹೋರಾಟಗಾರ್ತಿ, ಎಲ್ಲರನ್ನೂ ಹೇಗೆ ಒಗ್ಗೂಡಿಸಿದ್ದರು ಎಂದು ಹೇಳಿದರು. ಹೊಂಗೆ ಮರದ ಹೆಸರು ಯಾರೂ ಎತ್ತಲಿಲ್ಲ. ನನ್ನ ಸರದಿ ಬಂದಾಗ ಎರಡು ಭಾಷಣವೂ ನಾಲಗೆಯ ಮೇಲೆ ಒಟ್ಟಿಗೆ ಬಂದು ಒಂದಕ್ಕೊಂದು ಅಡ್ಡ ನಿಂತವು. "ಮೇಡಂ ಬಹಳ ಚೆನ್ನಾಗಿ ಪಾಠ ಮಾಡುತ್ತಿದ್ದರು" ಎಂದಷ್ಟೇ ಹೇಳಿ, ನಿರೂಪಕನ ಕೆಲಸಕ್ಕೆ ಮರಳಿದೆ: ಅಗಲಿದ ಚೇತನದ ಗೌರವಾರ್ಥ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕಾಗಿ ವಿನಂತಿ.

ಕುರ್ಚಿಗಳು ಸರಿದವು. ಎಲ್ಲರೂ ಎದ್ದರು. ನಮ್ಮವರು ಇಷ್ಟು ಜನ ಒಟ್ಟಿಗೆ ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ತಲೆ ತಗ್ಗಿಸಿ, ಕೈ ಕಟ್ಟಿ, ಒಬ್ಬರ ಪಕ್ಕ ಒಬ್ಬರು, ಒಂದು ಕೆಮ್ಮೂ ಇಲ್ಲ. ಫ್ಯಾನು ಮಾತ್ರ ತಿರುಗುತ್ತಿತ್ತು.

ನಿಮಿಷ ಮುಗಿಯಿತು. ಕುಳಿತುಕೊಳ್ಳಿ ಎಂದು ಹೇಳಬೇಕಾದವನು ನಾನೇ. ಹೇಳಲಿಲ್ಲ. ಇನ್ನಷ್ಟು ಹೊತ್ತು ಹೋಯಿತು. ಯಾರೂ ತಾವಾಗಿ ಕೂರಲಿಲ್ಲ. ಪಕ್ಕದವರು ಕೂರಲಿ ಎಂದು ಕಾಯುತ್ತಿದ್ದರು. ಕೊನೆಗೆ ಅರ್ಥಶಾಸ್ತ್ರದವನು ತಲೆ ಎತ್ತಿ ಮೆಲ್ಲಗೆ ಅಂದ:

"ಲೇ, ಆಯ್ತು ಕಣ್ಲಾ. ಕೂತ್ಕಳಿ ಅಂತ ಏಳು."

ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು. ಸ್ಪೀಕರುಗಳಲ್ಲಿ ನನ್ನ ಉಸಿರು ಮಾತ್ರ ಭವನದ ತುಂಬ ಕೇಳಿಸುತ್ತಿತ್ತು.